ದಾನಚಿಂತಾಮಣಿ ಅತ್ತಿಮಬ್ಬೆ

ಗದಗಿನಿಂದ ಪೂರ್ವಕ್ಕೆ ಸುಮಾರು 7 ಮೈಲು ಸಾಗಿದರೆ ಲಕ್ಕುಂಡಿಯು ದೊರೆಯುವದು. ಇದರ ಪ್ರಾಚೀನ ನಾಮವು ಲೊಕ್ಕಿಗುಂಡಿ. ಗುಡಿಗಳಿಗೂ ಬಾವಿಗಳಿಗೂ ಹೆಸರಾದ ಈ ಊರಿನ ಬ್ರಹ್ಮ ಜಿನಾಲಯವನ್ನು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರಬಹುದು. ಅದನ್ನು ಕಟ್ಟಿಸಿದವಳು ಒಬ್ಬ ವಿಧವೆಯೆಂಬುದನ್ನು ಎಷ್ಟು ಜನರು ಬಲ್ಲರು? ಆ ಸಾಧ್ವಿಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಅತ್ತಿಮಬ್ಬೆಯು ದಂಡನಾಯಕರ ಕುಲದಲ್ಲಿ ಜನಿಸಿದಳು. ಆ ಕುಲದ ಮೂಲಪುರುಷನು ವೆಂಗಿ ನಾಡಿನ ನಾಗಮಯ್ಯನು. ಅವನಿಗೆ ಮಲ್ಲಪಯ್ಯ, ಪುನ್ನಮಯ್ಯರೆಂಬ ಇಬ್ಬರು ಮಕ್ಕಳು. ಈ ಸೋದರರು ಶೂರರೂ ವಿದ್ಯಾಪಕ್ಷಪಾತಿಗಳೂ ಆಗಿದ್ದು, ತಮ್ಮ ಗುರುಗಳ ಸ್ಮರಣಾರ್ಥವಾಗಿ ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಪುನ್ನಮಯ್ಯನು ರಣದಲ್ಲಿ ಮಡಿದನು. ಮಲ್ಲಪಯ್ಯನೂ ಅಪ್ಪಕಬ್ಬೆಯೂ ಅತ್ತಿಮಬ್ಬೆಯ ತಂದೆತಾಯಿಗಳು. 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ರಾಜ್ಯವನ್ನು ಪುನಃ ಸ್ಥಾಪಿಸಿದ ತೈಲಪ ಚಕ್ರವರ್ತಿಗೆ ದಲ್ಲಪನೆಂಬ ಮಂತ್ರಿಯಿದ್ದನು. ಆತನ ಮಗನಾದ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಆಕೆಯ ತಂಗಿಯಾದ ಗುಂಡಮಬ್ಬೆಯನ್ನೂ ಕೊಟ್ಟು ವಿವಾಹವಾಯಿತು. ಹೀಗೆ ಎರಡು ಪ್ರತಿಷ್ಠಿತ ಮನೆತನಗಳು ಒಂದಾದವು.

ಆದರೆ ಆ ಸೌಖ್ಯವು ಬಹುಕಾಲ ನಿಲ್ಲಲಿಲ್ಲ. ನಾಗದೇವನು ಅಕಾಲದಲ್ಲಿ ಮರಣ ಹೊಂದಿದನು. ಗುಂಡಮಬ್ಬೆಯು ಪತಿಯೊಡನೆ ಚಿತೆಯನ್ನೇರಿದಳು. ಅತ್ತಿಮಬ್ಬೆಗಾದರೋ ಅಣ್ಣಿಗದೇವನೆಂಬ ಮಗನಿದ್ದನು. ಒಡಹುಟ್ಟಿದವಳು ಹೋದ ದಾರಿಯನ್ನು ಕಣ್ಣಾರೆ ಕಂಡೂ ಈಕೆಯು ಬದುಕಿ ಉಳಿದಳು. ವ್ರತನಿಯಮಗಳಿಂದ ದೇಹವನ್ನು ದಂಡಿಸುತ್ತ ಮಗನನ್ನು ಸಾಕಿ ಬೆಳೆಯಿಸಿದಳು. ಪಡೆವಳ ತೈಲನೆಂದು ಪ್ರಸಿದ್ಧನಾದ ಆ ಮಗನು ಮುಂದೆ ಮಾಸವಾಡಿ ನಾಡಿನ ಅಧಿಪತಿಯಾದನು.

ತನ್ನ ಐಶ್ವರ್ಯವನ್ನು ಆಕೆಯು ತನಗಾಗಿ ಇಟ್ಟುಕೊಳ್ಳಲಿಲ್ಲ. ತಂದೆಯೂ ಚಿಕ್ಕಪ್ಪನೂ ಬರೆಯಿಸಿದ ಶಾಂತಿಪುರಾಣವು ಲುಪ್ತವಾಗದಿರಲೆಂದು ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಕೂಟಗಳಿಲ್ಲದ ಆ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಲಿಪಿಕಾರನು ತಾಳೆಯೋಲೆಯ ಮೇಲೆ ಕಂಟದಿಂದ ಅಕ್ಷರ ಅಕ್ಷರವಾಗಿ ಕೊರೆಯಬೇಕಾಗಿತ್ತು. ಅದರಂತೆ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣವನ್ನು ರಚಿಸುವಂತೆ ಮಾಡಿದಳು. ಕವಿಯು ಕೃತಜ್ಞತೆಯಿಂದ ತನ್ನ ಮಗಳಿಗೆ ಆಕೆಯ ಹೆಸರನ್ನೇ ಇಟ್ಟನು. ಸತ್ಯಾಶ್ರಯನ ಆಳಿಕೆಯಲ್ಲಿ, 1007ರಲ್ಲಿ, ಲಕ್ಕುಂಡಿಯ ಬಸದಿಯು ಸಿದ್ಧವಾಯಿತು. ಬೇಡಿದವರಿಗೆ ಇಲ್ಲವೆನ್ನದ ಆಕೆಯನ್ನು ಲೋಕವು ದಾನಚಿಂತಾಮಣಿಯೆಂದು ಕರೆಯಿತು.

ಸುಮಾರು 200 ವರ್ಷಗಳ ತರುವಾಯ ಜರ್ಮನಿಯ ಥುರಿಂಗಿಯದಲ್ಲಿಯೂ ಇಂಥದೇ ಒಂದು ಜೀವನವನ್ನು ಕಾಣುವೆವು. ಅಲ್ಲಿಯ ಪ್ರಭುವಾದ ನಾಲ್ವಡಿ ಲೂಡ್ವಿಗನು 1227ರಲ್ಲಿ ಧರ್ಮಯುದ್ಧಕ್ಕೆ ಹೊರಟಾಗ ದಾರಿಯಲ್ಲಿಯೇ ತೀರಿಕೊಂಡನು. 20 ವರ್ಷದ ಪತ್ನಿ ಎಲಿಸಬೇತಳು ತನ್ನ ಸ್ವತ್ತಿನಿಂದ ಮಾರ್ಬುರ್ಗದಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿ, 1231ರಲ್ಲಿ ಸಾಯುವವರೆಗೆ ರೋಗಿಗಳ ಸೇವೆ ಮಾಡಿದಳು. ಆ ಪ್ರಭುಕುಲದ ಪುರುಷಸಂತತಿಯು 1247ರಲ್ಲಿ ನಿಂತುಹೋಯಿತು. ಎಲಿಸಬೇತಳ ಮಗಳಾದ ಸೋಫಿಯಳಿಂದ ಹೆಸ್ಸೆಯ ಪ್ರಭುಗಳ ವಂಶವು ಬೆಳೆಯಿತು.

ಸಹೋದರಿಯರೇ, ಮಲ್ಲಪಯ್ಯನ ಕುಲದ ಕತ್ತಿಗಳು ಎಂದೋ ತುಕ್ಕು ಹಿಡಿದು ಮಣ್ಣಾದವು. ಆ ವೀರರ ಹೆಸರುಗಳು ಇಂದು ನಮಗೆ ತಿಳಿದಿರುವದು ಮುಖ್ಯವಾಗಿ ಅತ್ತಿಮಬ್ಬೆಯು ಬರೆಯಿಸಿದ ಪುಸ್ತಕದಲ್ಲಿ ರನ್ನನು ಅವನ್ನು ಎಣಿಸಿ ಇಟ್ಟದ್ದರಿಂದಲೇ. ಗಂಡುಮಕ್ಕಳಿಂದಲೇ ಕುಲವು ಉಳಿಯುವದೆಂದು ಹೇಳುವವರಿಗೆ ಲಕ್ಕುಂಡಿಯ ಕಲ್ಲುಗಳೇ ಉತ್ತರ ಕೊಡುವವು. ಪಾಟಿಚೀಲವನ್ನು ಹೆಗಲಿಗೇರಿಸಿ ನಿತ್ಯ ಶಾಲೆಗೆ ಬರುವ ನೀವು, ನಿಮ್ಮ ಮನೆತನದ ಹೆಸರು ನಿಮ್ಮ ಕೈಯಲ್ಲಿಯೂ ಇದೆಯೆಂಬುದನ್ನು ಮರೆಯದಿರಿ.