ಐವತ್ತಾರು ವರ್ಷ, ಒಂದೇ ಹುದ್ದೆ

ಕೆಲ ವರ್ಷಗಳ ಹಿಂದೆ ಡಲ್ಲಾಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಆತ ನನ್ನನ್ನು ಪಕ್ಕದ ಆರ್ಲಿಂಗ್ಟನ್ ನಗರದ ಕ್ರೀಡಾಂಗಣಕ್ಕೆ ಕರೆದೊಯ್ದ. ಕಾಲೇಜು ಫುಟ್‌ಬಾಲ್ ಋತುವಿನ ಆರಂಭದ ಪಂದ್ಯವದು. ನಮಗೆ ಗೊತ್ತಿರುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ಎಸೆಯುವ, ಎದುರಾಳಿಯನ್ನು ಕೆಡಹುವ ಆಟ. ಆಡುತ್ತಿದ್ದ ಎರಡು ವಿಶ್ವವಿದ್ಯಾಲಯಗಳ ಪೈಕಿ ಯಾವುದಕ್ಕೂ ಅದು ತವರು ಮೈದಾನವಾಗಿರಲಿಲ್ಲ. ಹಾಗಿದ್ದರೂ ಕ್ರೀಡಾಂಗಣ ಕಿಕ್ಕಿರಿದಿತ್ತು. ಅರ್ಥಶಾಸ್ತ್ರ ಓದಿದವನಿಗೆ ಆಟಕ್ಕಿಂತ ಅದರ ಹಿಂದಿನ ಲೆಕ್ಕಾಚಾರವೇ ಹೆಚ್ಚು ಕುತೂಹಲ ಹುಟ್ಟಿಸಿತು.

ಇಂಥ ಪಂದ್ಯಗಳ ಇತಿಹಾಸ ಕೆದಕಿದರೆ 1983ರಲ್ಲಿ ನ್ಯೂಜೆರ್ಸಿಯಲ್ಲಿ ಆರಂಭವಾದ ಕಿಕ್‌ಆಫ್ ಕ್ಲಾಸಿಕ್ ಸಿಗುತ್ತದೆ. ನಿಗದಿತ ಸಂಖ್ಯೆಗಿಂತ ಒಂದು ಪಂದ್ಯ ಹೆಚ್ಚು ಆಡಲು ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಇವಕ್ಕೆ ವಿನಾಯಿತಿ ಕೊಟ್ಟಿತ್ತು. 2002ರ ನಂತರ ಆ ವಿನಾಯಿತಿ ರದ್ದಾಯಿತು, ಪಂದ್ಯಗಳೂ ನಿಂತವು. ಮುಂದೆ ಬೇರೆ ರೂಪದಲ್ಲಿ ಮರಳಿದವು. ಹಾಗೆ ನಿಂತುಹೋದ ಪಂದ್ಯಗಳಲ್ಲೊಂದರ ಹೆಸರು ಎಡ್ಡಿ ರಾಬಿನ್ಸನ್ ಕ್ಲಾಸಿಕ್. ಅದರ ಕೊನೆಯ ಪಂದ್ಯವನ್ನು 2002ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಆಡಿದ್ದು ಫ್ಲಾರಿಡಾ ಸ್ಟೇಟ್ ಮತ್ತು ಅಯೋವಾ ಸ್ಟೇಟ್ ಎಂಬ ಎರಡು ದೊಡ್ಡ ವಿಶ್ವವಿದ್ಯಾಲಯಗಳು. ಯಾರ ಹೆಸರಿನಲ್ಲಿ ಆ ಪಂದ್ಯ ನಡೆಯಿತೋ ಆ ಮನುಷ್ಯನ ಕಾಲೇಜಿನ ಜೊತೆ ಇಂಥ ವಿಶ್ವವಿದ್ಯಾಲಯಗಳು ಒಂದು ಕಾಲದಲ್ಲಿ ಮೈದಾನ ಹಂಚಿಕೊಳ್ಳುತ್ತಲೇ ಇರಲಿಲ್ಲ.

ಎಡ್ಡಿ ರಾಬಿನ್ಸನ್ ಹುಟ್ಟಿದ್ದು 1919ರಲ್ಲಿ, ಲೂಯಿಸಿಯಾನಾ ರಾಜ್ಯದ ಜಾಕ್ಸನ್ ಎಂಬ ಊರಿನಲ್ಲಿ. ತಂದೆ ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪು ರೈತ, ತಾಯಿ ಮನೆಗೆಲಸದಾಕೆ. ಲೆಲ್ಯಾಂಡ್ ಕಾಲೇಜಿನಲ್ಲಿ ಪದವಿ ಮುಗಿಸಿದ ಮೇಲೂ ಅವರಿಗೆ ದೊರೆತದ್ದು ಬ್ಯಾಟನ್ ರೂಜ್‌ನ ಪಶು ಆಹಾರದ ಗಿರಣಿಯಲ್ಲಿ ಗಂಟೆಗೆ 25 ಸೆಂಟಿನ ಕೂಲಿ. 1941ರಲ್ಲಿ ರಾಜ್ಯದ ಉತ್ತರ ಭಾಗದ ಗ್ರಾಂಬ್ಲಿಂಗ್ ಎಂಬ ಸಣ್ಣ ಊರಿನ ಕರಿಯರ ಸರ್ಕಾರಿ ಕಾಲೇಜಿನ ಮುಖ್ಯಸ್ಥ ರಾಲ್ಫ್ ವಾಲ್ಡೊ ಎಮರ್ಸನ್ ಜೋನ್ಸ್ ಅವರನ್ನು ತರಬೇತುದಾರರಾಗಿ ನೇಮಿಸಿಕೊಂಡರು. ಸಂಬಳ ತಿಂಗಳಿಗೆ 63 ಡಾಲರ್ 75 ಸೆಂಟ್. ವಯಸ್ಸು 22.

ಹುದ್ದೆಯ ಹೆಸರು ತರಬೇತುದಾರ. ಕರ್ತವ್ಯಗಳ ಪಟ್ಟಿಗೆ ಮಿತಿಯಿರಲಿಲ್ಲ. ಮೈದಾನದ ಹುಲ್ಲು ಕತ್ತರಿಸುವುದು, ಹುಡುಗರ ಕಾಲಿಗೆ ಪಟ್ಟಿ ಕಟ್ಟುವುದು, ಪಂದ್ಯ ಮುಗಿದ ಮೇಲೆ ಪತ್ರಿಕೆಗಳಿಗೆ ವರದಿ ಬರೆದು ಕಳಿಸುವುದು ಎಲ್ಲವೂ ಅವರದೇ. ದಾರಿಯ ಹೋಟೆಲುಗಳಲ್ಲಿ ಕರಿಯರಿಗೆ ಪ್ರವೇಶವಿಲ್ಲದ ಕಾರಣ ಪರಊರಿನ ಪ್ರಯಾಣಕ್ಕೆ ಬ್ರೆಡ್ಡಿನ ಬುತ್ತಿಯನ್ನೂ ಅವರೇ ಕಟ್ಟುತ್ತಿದ್ದರು. ಮೊದಲ ವರ್ಷ ಸೋಲುಗಳೇ ಹೆಚ್ಚು. ಎರಡನೆಯ ವರ್ಷ ಒಂಬತ್ತು ಪಂದ್ಯಗಳನ್ನೂ ಗೆದ್ದರು, ಎದುರಾಳಿಗಳಿಗೆ ಒಂದೇ ಒಂದು ಅಂಕ ಬಿಟ್ಟುಕೊಡದೆ! ಬಳಿಕ ಯುದ್ಧದಿಂದಾಗಿ ಕಾಲೇಜು ತಂಡವೇ ಇಲ್ಲವಾದಾಗ ಊರಿನ ಪ್ರೌಢಶಾಲೆಯ ಹುಡುಗರಿಗೆ ಕಲಿಸಿದರು. ಹತ್ತಿ ಬಿಡಿಸುವ ಕಾಲ ಬಂದು ರೈತನೊಬ್ಬ ತನ್ನ ಮಕ್ಕಳನ್ನು ಹೊಲಕ್ಕೆ ಕರೆಸಿಕೊಂಡಾಗ, ರಾಬಿನ್ಸನ್ ಇಡೀ ತಂಡವನ್ನೇ ಆ ಹೊಲಕ್ಕೆ ಕರೆದೊಯ್ದು ಹತ್ತಿ ಬಿಡಿಸಿಕೊಟ್ಟು ಹುಡುಗರನ್ನು ಬಿಡಿಸಿಕೊಂಡು ಬಂದರಂತೆ. ಆಡಳಿತ ತರಬೇತಿ ಸಂಸ್ಥೆಗಳಲ್ಲಿ ಹೇಳಿಕೊಡಬೇಕಾದ ಪಾಠವಿದು. ನಮ್ಮ ಕಾಲದಲ್ಲಂತೂ ಅಲ್ಲಿ ಕಡತದ ಟಿಪ್ಪಣಿ ಬರೆಯುವುದನ್ನಷ್ಟೇ ಕಲಿಸುತ್ತಿದ್ದರು.

1949ರಲ್ಲಿ ಅವರ ಶಿಷ್ಯ ಪಾಲ್ ಯಂಗರ್ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಸೇರಿದ. ಕರಿಯರ ಕಾಲೇಜೊಂದರಿಂದ ರಾಷ್ಟ್ರೀಯ ವೃತ್ತಿಪರ ಲೀಗ್‌ಗೆ ಹೋದ ಮೊದಲಿಗನಾತ. ಮುಂದೆ ಅದೇ ದಾರಿಯಲ್ಲಿ ನಡೆದ ಗ್ರಾಂಬ್ಲಿಂಗ್ ಹುಡುಗರ ಸಂಖ್ಯೆ ಇನ್ನೂರನ್ನು ಮೀರಿತು. ಕರಿಯ ಆಟಗಾರ ಓಡಬಲ್ಲ, ಡಿಕ್ಕಿ ಹೊಡೆಯಬಲ್ಲ, ಆದರೆ ತಂಡದ ಆಟವನ್ನು ನಿರ್ದೇಶಿಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಬೇಕಾದ ಬುದ್ಧಿ ಅವನಿಗಿಲ್ಲವೆಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಅವರ ಶಿಷ್ಯ ಡಗ್ ವಿಲಿಯಮ್ಸ್ 1988ರ ಜನವರಿಯಲ್ಲಿ ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಸೂಪರ್ ಬೌಲ್ ಗೆದ್ದು ಶ್ರೇಷ್ಠ ಆಟಗಾರನೆನಿಸಿದಾಗ ಆ ನಂಬಿಕೆಯ ಬುಡ ಅಲುಗಾಡಿತು.

ಗ್ರಾಂಬ್ಲಿಂಗ್‌ನಂಥ ಹಳ್ಳಿಯಲ್ಲಿ ಟಿಕೆಟ್ ಕೊಳ್ಳುವವರಾದರೂ ಎಷ್ಟು ಮಂದಿ? ಕಾಲೇಜಿನ ಪ್ರಚಾರಾಧಿಕಾರಿ ಕಾಲಿ ನಿಕಲ್ಸನ್ ಇದಕ್ಕೊಂದು ಉಪಾಯ ಕಂಡುಕೊಂಡರು. ಪ್ರೇಕ್ಷಕರು ಬರದಿದ್ದರೆ ತಂಡವೇ ಪ್ರೇಕ್ಷಕರಿರುವಲ್ಲಿಗೆ ಹೋಗಲಿ ಎಂಬುದು ಅದರ ತಿರುಳು. 1968ರಲ್ಲಿ ನ್ಯೂಯಾರ್ಕಿನ ಯಾಂಕಿ ಕ್ರೀಡಾಂಗಣದಲ್ಲಿ ಮಾರ್ಗನ್ ಸ್ಟೇಟ್ ವಿರುದ್ಧದ ಸಹಾಯಾರ್ಥ ಪಂದ್ಯಕ್ಕೆ 60 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಗ್ರಾಂಬ್ಲಿಂಗ್ ಸೋತಿತು, ಆದರೆ ಹೆಸರು ದೇಶಕ್ಕೆಲ್ಲ ತಿಳಿಯಿತು. 1976ರಲ್ಲಿ ಅವೇ ತಂಡಗಳು ಟೋಕಿಯೊಗೆ ಹೋಗಿ ಆಡಿದವು. ಕಿಕ್‌ಆಫ್ ಕ್ಲಾಸಿಕ್‌ನವರು ತಟಸ್ಥ ಮೈದಾನದಲ್ಲಿ ಹಣ ಕಂಡುಕೊಳ್ಳುವ ಎಷ್ಟೋ ವರ್ಷ ಮೊದಲೇ ಈ ಬಡ ಕಾಲೇಜು ಅದನ್ನು ಮಾಡಿ ತೋರಿಸಿತ್ತು. ಆದರೆ ಈ ಜಾಣ್ಮೆಯ ಶ್ರೇಯಸ್ಸು ನಿಕಲ್ಸನ್‌ಗೆ ಸಂದದ್ದು ಕಡಿಮೆಯೇ. ಕಚೇರಿಗಳಲ್ಲಿ ಹೀಗೇ ಅಲ್ಲವೇ?

1985ರ ಅಕ್ಟೋಬರ್‌ನಲ್ಲಿ ಡಲ್ಲಾಸ್‌ನ ಕಾಟನ್ ಬೌಲ್‌ನಲ್ಲಿ, ಅದೂ ತವರಲ್ಲದ ಮೈದಾನದಲ್ಲಿ, ರಾಬಿನ್ಸನ್ 324ನೇ ಗೆಲುವು ಪಡೆದು ಅಲಬಾಮಾದ ಬೇರ್ ಬ್ರಯಾಂಟ್ ಅವರ ದಾಖಲೆಯನ್ನು ದಾಟಿದರು. ಒಟ್ಟು ಗೆಲುವು 408ಕ್ಕೆ ನಿಂತಿತು. ಆದರೆ ಅಷ್ಟರಲ್ಲಿ ಅವರ ಕಾಲಡಿಯ ನೆಲ ಸರಿಯುತ್ತಿತ್ತು. ಅವರದೇ ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ಕರಿಯ ಆಟಗಾರರನ್ನು ತಂಡಕ್ಕೆ ಸೇರಿಸಿಕೊಂಡದ್ದು 1970ರ ದಶಕದ ಆರಂಭದಲ್ಲಿ. ಬಾಗಿಲು ತೆರೆದ ಮೇಲೆ ಪ್ರತಿಭಾವಂತ ಹುಡುಗರು ಹೆಚ್ಚು ಹಣ, ದೊಡ್ಡ ಕ್ರೀಡಾಂಗಣ, ದೂರದರ್ಶನದ ಬೆಳಕು ಇದ್ದ ಕಡೆಗೆ ನಡೆದರು. ಕರಿಯ ಹುಡುಗನ ಸಾಮರ್ಥ್ಯವನ್ನು ದೇಶಕ್ಕೆ ತೋರಿಸಲು ರಾಬಿನ್ಸನ್ ಪಟ್ಟ ಶ್ರಮವೇ ಅವರ ಕಾಲೇಜಿನ ಆಟಗಾರರ ಸೆಲೆಯನ್ನು ಬತ್ತಿಸಿತು. ಬೇರ್ಪಡಿಕೆಯ ಅನ್ಯಾಯ ಗ್ರಾಂಬ್ಲಿಂಗ್‌ಗೆ ಅರಿವಿಲ್ಲದೆ ಒಂದು ರಕ್ಷಿತ ಮಾರುಕಟ್ಟೆಯನ್ನು ಕೊಟ್ಟಿತ್ತೆಂದು ಬರೆಯಲು ನನಗೆ ಮುಜುಗರವಾಗುತ್ತದೆ, ಆದರೆ ಅದು ನಿಜ.

ಕೊನೆಯ ಮೂರು ಋತುಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಯಿತು. ಅವರು ಹೊರಡಲಿ ಎಂಬ ಒತ್ತಡ ಬೆಳೆಯಿತು. 78ರ ಆ ವೃದ್ಧರನ್ನು 1997ರ ಋತು ಮುಗಿಸಲು ಬಿಡಬೇಕೆಂದು ರಾಜ್ಯದ ಗವರ್ನರ್ ಕೂಡ ಕೇಳಿಕೊಳ್ಳಬೇಕಾಯಿತು. ಇಲ್ಲಿ ನನ್ನ ನಿಲುವು ಓದುಗರಿಗೆ ಹಿಡಿಸದಿರಬಹುದು: ಅವರು ಹತ್ತು ವರ್ಷ ಮೊದಲೇ ಹೊರಡಬೇಕಿತ್ತು. ಅರವತ್ತಕ್ಕೆ ನಿವೃತ್ತನಾಗುವಾಗ ನಾನೂ ಸೇವಾವಧಿ ವಿಸ್ತರಣೆಯ ಆಸೆಯನ್ನು ಒಳಗೊಳಗೇ ಸಾಕಿಕೊಂಡಿದ್ದವನು. ನಾನಿಲ್ಲದೆ ವಿಭಾಗ ನಡೆಯದೆಂದು ಭಾವಿಸಿದ್ದೆ. ಅದು ಸಲೀಸಾಗಿಯೇ ನಡೆಯಿತು. ಆದ್ದರಿಂದ ಅವರ ಹಠ ನನಗೆ ಅರ್ಥವಾಗುತ್ತದೆ. ಬಿಟ್ಟು ಹೋಗಲು ಅವರಿಗೆ ಬೇರೆ ಜಾಗವಾದರೂ ಎಲ್ಲಿತ್ತು? 1941ರಲ್ಲಿ ಡೋರಿಸ್ ಅವರನ್ನು ಮದುವೆಯಾದರು, ಅದೇ ವರ್ಷ ಕೆಲಸಕ್ಕೆ ಸೇರಿದರು, ಎರಡನ್ನೂ ಬಿಡಲಿಲ್ಲ.

ನಿವೃತ್ತಿಯ ಕೆಲವೇ ವರ್ಷಗಳಲ್ಲಿ ಅಲ್ಜೈಮರ್ ಕಾಯಿಲೆ ನೆನಪನ್ನು ತಿಂದುಹಾಕತೊಡಗಿತು. ಆಟದ ಸೂಕ್ಷ್ಮಗಳನ್ನು ದಶಕಗಟ್ಟಲೆ ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯ! 2007ರ ಏಪ್ರಿಲ್ 3ರಂದು, 88ನೇ ವಯಸ್ಸಿನಲ್ಲಿ, ಗ್ರಾಂಬ್ಲಿಂಗ್‌ಗೆ ಹತ್ತಿರದ ರಸ್ಟನ್‌ನಲ್ಲಿ ತೀರಿಕೊಂಡರು. ಪಾರ್ಥಿವ ಶರೀರವನ್ನು ಸಾರ್ವಜನಿಕ ದರ್ಶನಕ್ಕಾಗಿ ಬ್ಯಾಟನ್ ರೂಜ್‌ನ ರಾಜ್ಯ ಶಾಸನಭವನದಲ್ಲಿ ಇರಿಸಲಾಯಿತು. ಗಂಟೆಗೆ 25 ಸೆಂಟಿಗೆ ಅವರು ದುಡಿದಿದ್ದ ಗಿರಣಿ ಇದ್ದದ್ದು ಅದೇ ಊರಿನಲ್ಲಿ.