ಕುರ್ಚಿಗಿಂತ ದೊಡ್ಡವರು: ಎಸ್.ಆರ್. ಕಂಠಿ

ವಿಧಾನಸೌಧ ಎಂದೊಡನೆ ನಮ್ಮ ಭಾಗದ ಜನರಿಗೆ ಕೆಂಗಲ್ ಹನುಮಂತಯ್ಯನವರು ನೆನಪಾಗುತ್ತಾರೆ. ಏಕೀಕೃತ ರಾಜ್ಯದ ವಿಧಾನಸಭೆಗೆ ಮೊದಲ ಅಧ್ಯಕ್ಷರಾಗಿ ಅಲ್ಲಿ ಕುಳಿತ ಎಸ್.ಆರ್. ಕಂಠಿಯವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಬಾಗಲಕೋಟೆ ಕಡೆಯಿಂದ ದುಡಿಮೆಗೆಂದು ಬಂದು ನಮ್ಮ ಸುತ್ತಮುತ್ತ ನೆಲೆಸಿರುವ ಕುಟುಂಬಗಳಿಗೆ ಅದು ಪರಿಚಿತ ಹೆಸರು. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನಮ್ಮ ಮಕ್ಕಳೂ ಅವರನ್ನು ಅರಿಯಲಿ.

ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು 1908ರ ಡಿಸೆಂಬರ್ 21ರಂದು ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ ಜನಿಸಿದರು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಓದಿ, ಕಾನೂನು ಕಲಿತು, ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡರು. ಹುನಗುಂದ ಕ್ಷೇತ್ರದಿಂದ ಮುಂಬಯಿ ವಿಧಾನಸಭೆಗೆ ಆಯ್ಕೆಯಾಗಿ, ಅಲ್ಲಿ ಉಪಸಭಾಧ್ಯಕ್ಷರಾದರು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಡಿಸೆಂಬರ್ 19ರಂದು ಹೊಸ ರಾಜ್ಯದ ವಿಧಾನಸಭೆ ಸೇರಿದಾಗ ಕಂಠಿಯವರು ಸಭಾಧ್ಯಕ್ಷರಾದರು. ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಹೀಗೆ ಐದು ಆಡಳಿತಗಳಿಂದ ಬಂದ ಪ್ರದೇಶಗಳ ಪ್ರತಿನಿಧಿಗಳು ಒಂದೇ ಸೂರಿನಡಿ ಕುಳಿತಿದ್ದರು. ಒಬ್ಬೊಬ್ಬರ ಮಾತಿನ ಧಾಟಿ ಬೇರೆ, ಕಾನೂನಿನ ರೂಢಿ ಬೇರೆ, ಊರಿನ ಅಹವಾಲು ಬೇರೆ. ಅವರೆಲ್ಲರಿಗೂ ಸರದಿಯಂತೆ ಮಾತಿಗೆ ಅವಕಾಶ ಕೊಡುವ ಹೊಣೆ ಅಧ್ಯಕ್ಷರದಾಗಿತ್ತು.

ಸದನದಲ್ಲಿ ಒಂದು ನಿಯಮವಿದೆ. ಯಾವ ಸದಸ್ಯರೂ ಎದುರಾಳಿಯನ್ನು ನೇರವಾಗಿ ಉದ್ದೇಶಿಸಿ ಮಾತನಾಡುವಂತಿಲ್ಲ. ಹೇಳುವುದನ್ನೆಲ್ಲ ಅಧ್ಯಕ್ಷರಿಗೆ ಹೇಳಬೇಕು. ಮಿತಿ ಮೀರಿದ ಪದವನ್ನು ಕಡತದಿಂದ ತೆಗೆಸುವ ಅಧಿಕಾರವೂ ಅಧ್ಯಕ್ಷರಿಗಿದೆ. ಕೋಪ ಬಂದಾಗಲೂ ಮಾತು ವ್ಯಕ್ತಿಯ ಮೇಲೆ ಹೋಗದೆ ವಿಷಯದ ಮೇಲೆ ನಿಲ್ಲಲಿ ಎಂಬುದು ಇದರ ಉದ್ದೇಶ. ಕಂಠಿಯವರು ಐದು ವರ್ಷಕ್ಕೂ ಹೆಚ್ಚು ಕಾಲ ಈ ಪೀಠದಲ್ಲಿದ್ದರು.

ಅವರ ಬದುಕಿನ ದೊಡ್ಡ ಪರೀಕ್ಷೆ ಬಂದದ್ದು 1962ರಲ್ಲಿ. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದರೂ ಅದರ ಹಿರಿಯ ನಾಯಕ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಮಾರ್ಚ್ 14ರಂದು ಕಂಠಿಯವರು ಮುಖ್ಯಮಂತ್ರಿಯಾದರು. ಬಳಿಕ ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳರು ತಮ್ಮ ಸ್ಥಾನ ತೆರವು ಮಾಡಿದರು. ಅಲ್ಲಿಂದ ನಿಜಲಿಂಗಪ್ಪನವರು ಅವಿರೋಧವಾಗಿ ಆಯ್ಕೆಯಾದರು. ಜೂನ್ ತಿಂಗಳಲ್ಲಿ ಕಂಠಿಯವರು ಅವರಿಗಾಗಿ ಮುಖ್ಯಮಂತ್ರಿ ಪದವಿ ಬಿಟ್ಟುಕೊಟ್ಟರು.

ಕೈಗೆ ಬಂದ ಅಧಿಕಾರವನ್ನು ಬಿಡುವುದು ಸುಲಭವಲ್ಲ. ಬಿಟ್ಟ ಮೇಲೆ ಅದೇ ಸಂಪುಟದಲ್ಲಿ ಸಚಿವನಾಗಿ ದುಡಿಯುವುದು ಇನ್ನೂ ಕಷ್ಟ. ಕಂಠಿಯವರು ಅದನ್ನು ಅವಮಾನವೆಂದು ಬಗೆಯದೆ ಶಿಕ್ಷಣ ಸಚಿವರಾದರು. ನಿಜಲಿಂಗಪ್ಪನವರೂ ತಮಗೆ ದಾರಿ ಬಿಟ್ಟವರನ್ನು ಮೂಲೆಗೆ ಸರಿಸದೆ, ಮಕ್ಕಳ ಭವಿಷ್ಯದ ಖಾತೆಯನ್ನೇ ಒಪ್ಪಿಸಿದರು. 1963ರಲ್ಲಿ ಆರಂಭವಾದ ಬಿಜಾಪುರದ ಸೈನಿಕ ಶಾಲೆಯ ಹಿಂದೆ ಕಂಠಿಯವರ ದುಡಿಮೆಯಿದೆ. ನಮ್ಮೂರಿನ ಅನೇಕರಿಗೆ ಪದವಿ ನೀಡಿದ ಬೆಂಗಳೂರು ವಿಶ್ವವಿದ್ಯಾಲಯವೂ ಅದೇ ಸರ್ಕಾರದ ಅವಧಿಯಲ್ಲಿ, 1964ರಲ್ಲಿ, ಸ್ಥಾಪನೆಯಾಯಿತು. ಇಬ್ಬರು ನಾಯಕರ ನಡುವೆ ಹಗೆ ಬೆಳೆದಿದ್ದರೆ ನಷ್ಟವಾಗುತ್ತಿದ್ದುದು ಶಾಲೆ ಕಾಲೇಜುಗಳ ಮಕ್ಕಳಿಗೆ.

1969ರ ಡಿಸೆಂಬರ್ 25ರಂದು ಕಂಠಿಯವರು ನಿಧನರಾದರು. ಮುಧೋಳದ ಕಾಲೇಜೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಇಂದು ಚುನಾಯಿತ ಪ್ರತಿನಿಧಿಗಳು ಏಕವಚನದಲ್ಲಿ ಬೈದಾಡುವುದನ್ನು ಮಕ್ಕಳು ಮನೆಯ ಟಿ.ವಿ.ಯಲ್ಲೇ ನೋಡುತ್ತಾರೆ. ಅವರೇ ಮರುದಿನ ಶಾಲಾ ಸಂಸತ್ತಿನ ಚುನಾವಣೆಗೆ ನಿಲ್ಲುತ್ತಾರೆ. ನಾಳೆ ಇವರಲ್ಲಿ ಕೆಲವರು ನಮ್ಮೂರಿನ ಆಡಳಿತಕ್ಕೂ ಬರಬಹುದು, ವಿಧಾನಸೌಧಕ್ಕೂ ಹೋಗಬಹುದು. ಸೋತವರನ್ನು ಹಂಗಿಸದೆ, ಗೆದ್ದವರನ್ನು ಹಳಿಯದೆ, ಕೊಟ್ಟ ಕೆಲಸವನ್ನು ಜೊತೆಯಾಗಿ ಮಾಡುವ ಪಾಠ ನಮ್ಮ ಶಾಲೆಯಲ್ಲೇ ಆರಂಭವಾಗಲಿ. ಕಂಠಿಯವರ ಬದುಕನ್ನು ಆ ಪಾಠಕ್ಕೆ ಉದಾಹರಣೆಯಾಗಿ ಹೇಳಿಕೊಡೋಣ.