ಶ್ರಮಜೀವಿಗಳ ಮಂತ್ರಿಣಿ ಫ್ರಾನ್ಸಸ್ ಪರ್ಕಿನ್ಸ್

ದುಡಿಯುವ ಶಕ್ತಿಯಿದ್ದು, ದುಡಿಯುವ ಮನಸ್ಸೂ ಇದ್ದು, ಕೆಲಸ ಮಾತ್ರ ದೊರೆಯದೆ ವರ್ಷಗಟ್ಟಲೆ ಬೀದಿ ಅಲೆಯುವ ಮನುಷ್ಯನ ದುಃಖ ಸಾಮಾನ್ಯವಾದುದಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದೆನ್ನುತ್ತಾರೆ; ಕೂರಬೇಕೆಂದು ಬಯಸದೆಯೇ ಕೂತವನ ಕುಡಿಕೆ ಇನ್ನೂ ಬೇಗ ಬರಿದಾಗುತ್ತದೆ. ಈ ದುಃಖವನ್ನು ಕಳೆಯಲು ಸರ್ಕಾರ ಏನು ಮಾಡಬೇಕು? ಕೂಲಿಗೆ ಒಂದು ಕನಿಷ್ಠ ಮಿತಿಯನ್ನು ಕಟ್ಟಬೇಕೆಂದು ಕೆಲವರು ವಾದಿಸಿದರೆ, ಹಾಗೆ ಕಟ್ಟಿದರೆ ಇರುವ ಕೆಲಸವೂ ಹೋದೀತೆಂದು ಕೆಲವರು ಹೆದರುತ್ತಾರೆ. ಮಾಲೀಕರಿಂದ ತೆರಿಗೆ ಎತ್ತಿ ನಿರುದ್ಯೋಗಿಗೆ ನೆರವಾಗಬೇಕೆಂದು ಒಂದು ಪಕ್ಷ. ತೆರಿಗೆ ಹೆಚ್ಚಿದಷ್ಟೂ ಉದ್ಯೋಗ ಕುಗ್ಗುವುದೆಂದು ಇನ್ನೊಂದು ಪಕ್ಷ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕೇಳುವ ಈ ವಾದಗಳನ್ನೆಲ್ಲ ಆಡಳಿತದ ಕಣದಲ್ಲಿ ಎದುರಿಸಿ, ಕಾಯಿದೆಗಳನ್ನಾಗಿ ಪರಿವರ್ತಿಸಿದ ಮಹಿಳೆಯೊಬ್ಬರಿದ್ದರು. ಅವರೇ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದ ಮೊಟ್ಟಮೊದಲ ಮಹಿಳೆ, ಫ್ರಾನ್ಸಸ್ ಪರ್ಕಿನ್ಸ್.

ಪರ್ಕಿನ್ಸ್ ಅವರು 1880ನೆಯ ಇಸವಿ ಏಪ್ರಿಲ್ 10ರಂದು ಬಾಸ್ಟನ್ ನಗರದಲ್ಲಿ ಜನಿಸಿದರು. ತಂದೆಯವರು ವೂಸ್ಟರ್ ಎಂಬ ಊರಿನಲ್ಲಿ ಕಾಗದ ಮತ್ತು ಲೇಖನ ಸಾಮಗ್ರಿಗಳ ವ್ಯಾಪಾರ ಮಾಡುತ್ತಿದ್ದರು. ಅನುಕೂಲವಾದ ಮನೆತನ, ಬಡತನದ ಬಿಸಿ ತಾಗಿದ ಬಾಲ್ಯವಲ್ಲ. ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನಲ್ಲಿ ಅವರು ಮುಖ್ಯವಾಗಿ ಓದಿದ್ದು ವಿಜ್ಞಾನವನ್ನು. ಆದರೆ ಇತಿಹಾಸದ ಅಧ್ಯಾಪಕಿಯೊಬ್ಬರು ತಮ್ಮ ವಿದ್ಯಾರ್ಥಿನಿಯರನ್ನು ಹತ್ತಿರದ ಕಾರ್ಖಾನೆಗಳಿಗೆ ಕಳುಹಿಸಿ, ಅಲ್ಲಿ ದುಡಿಯುವವರ ಸ್ಥಿತಿಗತಿಯನ್ನು ಕಣ್ಣಾರೆ ಕಂಡು ಬರೆದು ತರುವಂತೆ ಹೇಳಿದರು. ಬಡತನವೆಂಬುದು ಸೋಮಾರಿತನದ ಅಥವಾ ಕುಡಿತದ ಫಲವೆಂದು ಮನೆಯಲ್ಲಿ ಕೇಳಿ ಬೆಳೆದಿದ್ದ ತರುಣಿಗೆ, ಮೈಮುರಿದು ದುಡಿಯುವವರೂ ಬಡವರಾಗಿಯೇ ಉಳಿಯುವುದನ್ನು ಕಂಡು ಕಣ್ಣು ತೆರೆದಂತಾಯಿತು. ಒಬ್ಬ ಗುರುವಿನ ಒಂದು ಪಾಠ ಒಂದು ದೇಶದ ಶಾಸನವನ್ನೇ ಬದಲಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1902ರಲ್ಲಿ ಪದವಿ ಪಡೆದ ಮೇಲೆ ಕೆಲಕಾಲ ಉಪಾಧ್ಯಾಯಿನಿಯಾಗಿದ್ದು, ಬಿಡುವಿನಲ್ಲಿ ಷಿಕಾಗೋ ನಗರದ ಹಲ್ ಹೌಸ್ ಎಂಬ ಸೇವಾಸಂಸ್ಥೆಯಲ್ಲಿ ದುಡಿದರು. 1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಬಂದಿತು. ಅನಂತರ ನ್ಯೂಯಾರ್ಕಿನ ಗ್ರಾಹಕರ ಸಂಘದ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತಿದ್ದಾಗ, ಅವರ ಬಾಳಿನ ದಾರಿಯನ್ನು ನಿಶ್ಚಯಿಸಿದ ಘಟನೆ ನಡೆಯಿತು.

1911ರ ಮಾರ್ಚ್ 25, ಶನಿವಾರ. ವಾಷಿಂಗ್ಟನ್ ಚೌಕದ ಬಳಿ ಸ್ನೇಹಿತೆಯೊಬ್ಬರ ಮನೆಯಲ್ಲಿ ಪರ್ಕಿನ್ಸ್ ಚಹ ಕುಡಿಯುತ್ತಿದ್ದರು. ಹೊರಗೆ ಕೂಗಾಟ ಕೇಳಿ ಓಡಿಹೋಗಿ ನೋಡಿದರೆ, ಎತ್ತರದ ಕಟ್ಟಡವೊಂದರ ಮೇಲಿನ ಅಂತಸ್ತುಗಳು ಹೊತ್ತಿ ಉರಿಯುತ್ತಿದ್ದವು. ಅದು ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆ. ಹೊರದಾರಿಯೊಂದರ ಬಾಗಿಲಿಗೆ ಬೀಗ ಹಾಕಿತ್ತು. ಅಗ್ನಿಶಾಮಕರ ಏಣಿ ಆ ಎತ್ತರಕ್ಕೆ ಎಟುಕಲಿಲ್ಲ. ಕಿಟಕಿಯ ಅಂಚಿಗೆ ಜೋತುಬಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಕೆಳಗೆ ಬೀಳುವುದನ್ನು ಅವರು ನಿಂತು ನೋಡಬೇಕಾಯಿತು. ಒಟ್ಟು 146 ಜನ ಸತ್ತರು. ಹೆಚ್ಚಿನವರು ಹೊರದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದಿದ್ದ ಎಳೆಯ ತರುಣಿಯರು. ಬೆಂಕಿ ಬಿದ್ದಾಗ ಬಾವಿ ತೋಡುವ ರೀತಿಯನ್ನು ಬಿಟ್ಟು, ಬೆಂಕಿಗೆ ಮೊದಲೇ ಕಾಯಿದೆ ಬರಬೇಕೆಂಬ ಸಂಕಲ್ಪ ಅಂದು ಅವರಲ್ಲಿ ಗಟ್ಟಿಯಾಯಿತು. ನ್ಯೂಯಾರ್ಕ್ ಸಂಸ್ಥಾನ ಕಾರ್ಖಾನೆಗಳ ವಿಚಾರಣೆಗೆ ಆಯೋಗವೊಂದನ್ನು ನೇಮಿಸಿದಾಗ, ಅದರ ಸದಸ್ಯರನ್ನು ಪರ್ಕಿನ್ಸ್ ಕಾರ್ಖಾನೆಗಳೊಳಕ್ಕೇ ಕರೆದೊಯ್ದು ಅಲ್ಲಿನ ಸ್ಥಿತಿಯನ್ನು ತೋರಿಸಿದರು.

1912ರಲ್ಲಿ ಹೆಂಗಸರ ದುಡಿಮೆಯನ್ನು ವಾರಕ್ಕೆ 54 ಗಂಟೆಗಳಿಗೆ ಮಿತಗೊಳಿಸುವ ಮಸೂದೆ ಶಾಸನಸಭೆಯ ಮುಂದಿತ್ತು. ಹಣ್ಣು ತರಕಾರಿಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳನ್ನು ಬಿಟ್ಟುಕೊಟ್ಟರೆ ಮಾತ್ರ ಅದು ಅಂಗೀಕಾರವಾಗುವ ಸಂಭವವಿತ್ತು. ಪರ್ಕಿನ್ಸ್ ಸಂಕಟಪಟ್ಟುಕೊಂಡೇ ಒಪ್ಪಿದರು, ಕಾಯಿದೆ ಬಂದಿತು. ದೊರೆತಷ್ಟನ್ನು ಪಡೆದು ಉಳಿದದ್ದಕ್ಕಾಗಿ ಮತ್ತೆ ಹೋರಾಡುವುದು ಅಂದಿನಿಂದ ಅವರ ಪದ್ಧತಿಯಾಯಿತು. ಅವರ ಗೆಲುವೂ ಅವರ ಮೇಲಿನ ಟೀಕೆಯೂ ಈ ಒಂದೇ ಮೂಲದಿಂದ ಹುಟ್ಟಿದವು.

1913ರಲ್ಲಿ ಅವರ ವಿವಾಹವಾಯಿತು. ವಿವಾಹದ ನಂತರವೂ ತಮ್ಮ ಹೆಸರನ್ನೇ ಉಳಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಪತಿ ಮಾನಸಿಕ ವ್ಯಾಧಿಗೆ ತುತ್ತಾದರು. ಸಂಸಾರದ ಭಾರವೆಲ್ಲ ಪರ್ಕಿನ್ಸ್ ಅವರ ಸಂಬಳದ ಮೇಲೆ ಬಿದ್ದಿತು. ದುಡಿಮೆ ನಿಂತರೆ ಮನೆಯ ಗತಿ ಏನೆಂಬುದನ್ನು ಅವರು ವರದಿಗಳಿಂದಷ್ಟೇ ಅರಿತವರಲ್ಲ.

1929ರಲ್ಲಿ ನ್ಯೂಯಾರ್ಕಿನ ಗವರ್ನರ್ ಆಗಿದ್ದ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರನ್ನು ಕೈಗಾರಿಕಾ ಕಮಿಷನರ್ ಆಗಿ ನೇಮಿಸಿದರು. ಅದೇ ವರ್ಷದ ಕೊನೆಯಲ್ಲಿ ಷೇರುಪೇಟೆ ಕುಸಿಯಿತು. 1930ರ ಜನವರಿಯಲ್ಲಿ ಅಧ್ಯಕ್ಷ ಹೂವರ್ ಉದ್ಯೋಗ ಹೆಚ್ಚುತ್ತಿದೆಯೆಂದು ಪ್ರಕಟಿಸಿದರು. ಪರ್ಕಿನ್ಸ್ ತಮ್ಮ ಇಲಾಖೆಯ ಅಂಕಿಗಳನ್ನು ತರಿಸಿ ನೋಡಿ, ಸ್ಥಿತಿ ಕೆಡುತ್ತಿದೆಯೇ ಹೊರತು ಸುಧಾರಿಸುತ್ತಿಲ್ಲವೆಂದು ಪತ್ರಿಕೆಗಳ ಮುಂದೆ ಸ್ಪಷ್ಟವಾಗಿ ಸಾರಿದರು. ದೇಶದ ಅಧ್ಯಕ್ಷರ ಮಾತನ್ನು ಅಲ್ಲಗಳೆಯುವ ಮುನ್ನ ತಮ್ಮ ಗವರ್ನರನ್ನೂ ಕೇಳಿರಲಿಲ್ಲ! 1931ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ನಿರುದ್ಯೋಗ ವಿಮೆಯ ಗುಣದೋಷಗಳನ್ನು ಅಭ್ಯಾಸಮಾಡಿ ಬಂದರು.

1933ರಲ್ಲಿ ರೂಸ್ವೆಲ್ಟ್ ಅಧ್ಯಕ್ಷರಾಗಿ, ಪರ್ಕಿನ್ಸ್ ಅವರನ್ನು ಕಾರ್ಮಿಕ ಮಂತ್ರಿಯಾಗಲು ಕರೆದರು. ಆಗ ದೇಶದಲ್ಲಿ ನಾಲ್ವರಲ್ಲಿ ಒಬ್ಬನಿಗೆ, ಅಂದರೆ ಸುಮಾರು 1 ಕೋಟಿ 28 ಲಕ್ಷ ಜನಕ್ಕೆ, ಕೆಲಸವಿರಲಿಲ್ಲ. ಪರ್ಕಿನ್ಸ್ ಕೂಡಲೇ ಒಪ್ಪಿಕೊಳ್ಳಲಿಲ್ಲ. ನಿರುದ್ಯೋಗಿಗಳಿಗೆ ಪರಿಹಾರ, ಲೋಕೋಪಯೋಗಿ ಕಾಮಗಾರಿಗಳು, ಕನಿಷ್ಠ ಕೂಲಿ, ದುಡಿಮೆಯ ವೇಳೆಗೆ ಮಿತಿ, ಬಾಲಕಾರ್ಮಿಕ ಪದ್ಧತಿಯ ನಿಷೇಧ, ನಿರುದ್ಯೋಗ ವಿಮೆ, ವೃದ್ಧಾಪ್ಯ ವಿಮೆ, ಆರೋಗ್ಯ ವಿಮೆ ಇವೆಲ್ಲವನ್ನೂ ಮುಂದಿಟ್ಟು, ಇವುಗಳಿಗೆ ಬೆಂಬಲವಿದ್ದರೆ ಮಾತ್ರ ಬರುವುದಾಗಿ ತಿಳಿಸಿದರು. ರೂಸ್ವೆಲ್ಟ್ ಒಪ್ಪಿದರು.

ಆದರೆ ದಾರಿಗೆ ಅಡ್ಡವಾಗಿ ನಿಂತದ್ದು ಸಂವಿಧಾನ. ಕನಿಷ್ಠ ಕೂಲಿಯ ಕಾಯಿದೆ ಒಪ್ಪಂದದ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 1923ರಲ್ಲೇ ತೀರ್ಪು ಕೊಟ್ಟಿತ್ತು. ನಿರುದ್ಯೋಗ ವಿಮೆಗೆ ಏನು ಗತಿಯಾಗುವುದೋ ಎಂಬ ಚಿಂತೆಯಲ್ಲಿದ್ದಾಗ, ಒಂದು ಚಹದ ಕೂಟದಲ್ಲಿ ನ್ಯಾಯಮೂರ್ತಿ ಸ್ಟೋನ್ ಅವರು, ಕೇಂದ್ರಕ್ಕಿರುವ ತೆರಿಗೆಯ ಅಧಿಕಾರದಲ್ಲೇ ದಾರಿಯಿದೆಯೆಂದು ಮೆಲ್ಲಗೆ ಸೂಚಿಸಿದರಂತೆ. ಆ ಸೂಚನೆಯ ಮೇಲೆಯೇ ಯೋಜನೆ ಸಿದ್ಧವಾಯಿತು. ಅದರ ಜಾಣ್ಮೆಯನ್ನು ಇಲ್ಲಿ ಗಮನಿಸಬೇಕು. ಎಂಟು ಅಥವಾ ಹೆಚ್ಚು ಜನರನ್ನು ದುಡಿಸಿಕೊಳ್ಳುವ ಮಾಲೀಕರು ಸಂಬಳದ ಮೊತ್ತದ ಮೇಲೆ ಕೇಂದ್ರಕ್ಕೆ ತೆರಿಗೆ ಕೊಡಬೇಕು. 1936ರಲ್ಲಿ ನೂರಕ್ಕೆ 1, 1938ರ ವೇಳೆಗೆ ನೂರಕ್ಕೆ 3. ಆದರೆ ಯಾವ ಸಂಸ್ಥಾನ ತನ್ನದೇ ನಿರುದ್ಯೋಗ ವಿಮೆಯನ್ನು ಸ್ಥಾಪಿಸುವುದೋ, ಅಲ್ಲಿನ ಮಾಲೀಕರು ಆ ನಿಧಿಗೆ ಕೊಟ್ಟ ಹಣವನ್ನು ಈ ತೆರಿಗೆಯ ನೂರಕ್ಕೆ 90 ಪಾಲಿನವರೆಗೆ ಕಳೆದುಕೊಳ್ಳಬಹುದು. ವಿಮೆ ಸ್ಥಾಪಿಸದ ಸಂಸ್ಥಾನದ ಹಣವೆಲ್ಲ ಕೇಂದ್ರದ ಪಾಲು! ಹೀಗಿರುವಾಗ ಯಾವ ಸಂಸ್ಥಾನ ತಾನೇ ಸುಮ್ಮನಿದ್ದೀತು? ಇದಲ್ಲದೆ, ಕೆಲಸಗಾರರನ್ನು ಕಡಮೆ ತೆಗೆದುಹಾಕುವ ಮಾಲೀಕನಿಗೆ ತೆರಿಗೆಯ ದರವನ್ನು ಇಳಿಸಲು ಸಂಸ್ಥಾನಗಳಿಗೆ ಅವಕಾಶವಿತ್ತು. ತೆರಿಗೆಯೆಂಬುದು ಬೊಕ್ಕಸ ತುಂಬುವ ಸಾಧನವಷ್ಟೇ ಅಲ್ಲ, ನಡತೆಯನ್ನು ತಿದ್ದುವ ಸಾಧನವೂ ಆಗಬಲ್ಲುದೆಂಬ ತತ್ತ್ವ ಇಲ್ಲಿ ಅಡಗಿತ್ತು.

ಈ ಯೋಜನೆಯನ್ನು ರೂಪಿಸಿದ ಸಮಿತಿಗೆ ಪರ್ಕಿನ್ಸ್ ಅವರೇ ಅಧ್ಯಕ್ಷಿಣಿ. 1934ರ ಡಿಸೆಂಬರಿನಲ್ಲಿ ಚರ್ಚೆ ಮುಗಿಯದೆ ಎಳೆದಾಡುತ್ತಿದ್ದಾಗ, ಸದಸ್ಯರನ್ನೆಲ್ಲ ತಮ್ಮ ಮನೆಗೆ ಕರೆಸಿ, ದೂರವಾಣಿಯ ಸಂಪರ್ಕ ತಪ್ಪಿಸಿ, ಮೇಜಿನ ಮೇಲೆ ವಿಸ್ಕಿಯ ಶೀಷೆಯೊಂದನ್ನಿಟ್ಟು, ತೀರ್ಮಾನವಾಗುವವರೆಗೆ ಯಾರೂ ಏಳಕೂಡದೆಂದು ವಿಧಿಸಿದರಂತೆ. 1935ರ ಆಗಸ್ಟ್ 14ರಂದು ಸಾಮಾಜಿಕ ಭದ್ರತೆಯ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದಿತು. 1937ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಕನಿಷ್ಠ ಕೂಲಿಯ ದಾರಿ ಇನ್ನೂ ಕಠಿನವಾಗಿತ್ತು. 1933ರ ಕೈಗಾರಿಕಾ ಪುನರುಜ್ಜೀವನ ಕಾಯಿದೆಯನ್ನು ನ್ಯಾಯಾಲಯ 1935ರಲ್ಲಿ ರದ್ದುಮಾಡಿತು. ಇದನ್ನು ಮೊದಲೇ ನಿರೀಕ್ಷಿಸಿದ್ದ ಪರ್ಕಿನ್ಸ್ ಎರಡು ಮಸೂದೆಗಳನ್ನು ಬರೆಸಿ ತಮ್ಮ ಮೇಜಿನ ಖಾನೆಯಲ್ಲಿ ಭದ್ರವಾಗಿಟ್ಟಿದ್ದರು. ಒಂದು, ಸರ್ಕಾರದ ಗುತ್ತಿಗೆದಾರರಿಗೆ ಸಂಬಂಧಿಸಿದ್ದು, 1936ರಲ್ಲಿ ಕಾಯಿದೆಯಾಯಿತು. ಎರಡನೆಯದಕ್ಕೆ ಕಾಲ ಕೂಡಿಬಂದದ್ದು 1937ರ ಮಾರ್ಚ್ ತಿಂಗಳಲ್ಲಿ. ಹೋಟೆಲಿನ ಕೋಣೆ ಗುಡಿಸುತ್ತಿದ್ದ ಹೆಣ್ಣುಮಗಳೊಬ್ಬಳು ತನಗೆ ಬರಬೇಕಾದ ಕನಿಷ್ಠ ಕೂಲಿಗಾಗಿ ಹೂಡಿದ ದಾವೆಯಲ್ಲಿ ನ್ಯಾಯಾಲಯ ತನ್ನ ಹಳೆಯ ತೀರ್ಪನ್ನು ಬದಲಿಸಿತು.

ಅನಂತರ ಒಂದು ವರ್ಷಕ್ಕೂ ಮೀರಿ ಶಾಸನಸಭೆಯಲ್ಲಿ ಜಗ್ಗಾಟ ನಡೆಯಿತು. ಕೂಲಿ ಹೆಚ್ಚಿದರೆ ಕೊಳ್ಳುವ ಶಕ್ತಿ ಹೆಚ್ಚಿ ಉದ್ಯೋಗ ಬೆಳೆಯುವುದೆಂದೂ, ಕೂಲಿ ಕದ್ದು ಅಗ್ಗಕ್ಕೆ ಮಾರುವವನಿಂದ ಒಳ್ಳೆಯ ಮಾಲೀಕನನ್ನು ರಕ್ಷಿಸಬೇಕೆಂದೂ ಬೆಂಬಲಿಗರ ವಾದ. ಕೂಲಿ ಕಡಮೆಯಿದ್ದ ದಕ್ಷಿಣದ ಸಂಸ್ಥಾನಗಳ ಕಾರ್ಖಾನೆಗಳು ಮುಚ್ಚಿಹೋಗುವುವೆಂದು ವಿರೋಧಿಗಳ ವಾದ. ಕೊನೆಗೆ 1938ರ ಜೂನ್ 25ರಂದು ಕಾಯಿದೆಯಾಯಿತು. ಗಂಟೆಗೆ ಕನಿಷ್ಠ 25 ಸೆಂಟು. ವಾರಕ್ಕೆ 44 ಗಂಟೆ, ಮೀರಿದರೆ ಒಂದೂವರೆ ಪಾಲು ಕೂಲಿ. ಮೊದಲು ಕೇಳಿದ್ದ 40 ಸೆಂಟುಗಳನ್ನು ಏಳು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುಟ್ಟಬೇಕೆಂದು ಗೊತ್ತಾಯಿತು.

ಫಲಿತಾಂಶವೇನು? ಪಕ್ಷಪಾತವಿಲ್ಲದೆ ನೋಡಿದರೆ ಎರಡೂ ಕಡೆ ಸತ್ಯವಿದೆ. ಲಕ್ಷಾಂತರ ಬಡ ಕಾರ್ಮಿಕರ ಕೂಲಿ ಏರಿತು. ದೇಶದ ಉದ್ಯಮಗಳು ಹೇಳಿದಂತೆ ಮುಳುಗಿಹೋಗಲಿಲ್ಲ. ಆದರೆ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಪೀಕಾನ್ ಎಂಬ ಕಾಯಿಯ ಸಿಪ್ಪೆ ಸುಲಿಯುತ್ತಿದ್ದ ಸಾವಿರಾರು ಬಡವರ ಜಾಗಕ್ಕೆ ಯಂತ್ರಗಳು ಬಂದವು. ಪೋರ್ಟೊ ರಿಕೊ ದ್ವೀಪದಲ್ಲಿ 25 ಸೆಂಟು ಭಾರವಾಗಿ, 1940ರಲ್ಲಿ ಅಲ್ಲಿಗೆ ಬೇರೆ ದರಗಳನ್ನು ಗೊತ್ತುಮಾಡಲು ತಿದ್ದುಪಡಿ ತರಬೇಕಾಯಿತು. ವೃದ್ಧಾಪ್ಯ ವಿಮೆಗಾಗಿ 1937ರಿಂದ ಸಂಬಳದಲ್ಲಿ ತೆರಿಗೆ ಹಿಡಿದರೂ ಮಾಸಾಶನ ಆರಂಭವಾದದ್ದು 1940ರಲ್ಲಿ. ಜನರ ಕೈಯಿಂದ ಹಣ ಹೋಗಿ ಹಿಂದಕ್ಕೆ ಬಾರದಿದ್ದುದು 1937ರ ಮರುಕುಸಿತಕ್ಕೆ ಒಂದು ಕಾರಣವೆಂದು ಅನೇಕ ಅರ್ಥಶಾಸ್ತ್ರಜ್ಞರು ಎಣಿಸುತ್ತಾರೆ. ನಿರುದ್ಯೋಗ ವಿಮೆ ಕೆಲವು ವಾರಗಳ ಆಸರೆ ಮಾತ್ರ. ವರ್ಷಗಟ್ಟಲೆ ಕೆಲಸವಿಲ್ಲದವನಿಗೆ ಕೆಲಸವನ್ನೇ ಕೊಡಬೇಕಾಗಿತ್ತು. 1935ರಿಂದ 1943ರವರೆಗೆ ನಡೆದ ಸರ್ಕಾರದ ಕಾಮಗಾರಿ ಯೋಜನೆ ಸುಮಾರು 85 ಲಕ್ಷ ಜನಕ್ಕೆ ಕೆಲಸ ಕೊಟ್ಟಿತು. ಆದರೂ ದೀರ್ಘ ನಿರುದ್ಯೋಗ ಪೂರ್ತಿ ಅಳಿದದ್ದು ಯುದ್ಧ ಬಂದಾಗಲೇ ಎಂಬುದು ವಿಷಾದದ ಸತ್ಯ.

ಇನ್ನೂ ದೊಡ್ಡ ಕೊರತೆ ಬೇರೆ. ಹೊಲದಲ್ಲಿ ದುಡಿಯುವವರು ಮತ್ತು ಮನೆಗೆಲಸದವರು ಎರಡು ಕಾಯಿದೆಗಳ ಹೊರಗುಳಿದರು. ದಕ್ಷಿಣದ ಕಪ್ಪು ಜನರಲ್ಲಿ ಹೆಚ್ಚಿನವರು ಇಂಥ ಕೆಲಸಗಳಲ್ಲೇ ಇದ್ದರು. ಅತ್ಯಂತ ಬಡವರಾದವರಿಗೇ ಬಾಗಿಲು ಮುಚ್ಚಿತು. ಆರೋಗ್ಯ ವಿಮೆಯಂತೂ ಮಸೂದೆಯನ್ನೇ ಸೇರಲಿಲ್ಲ. ದೊರೆತಷ್ಟನ್ನು ಪಡೆಯುವ ಪದ್ಧತಿಗೆ ತೆತ್ತ ಬೆಲೆಯಿದು. ಆ ಕಾಯಿದೆಗಳಿಗೆ ಮುಂದೆ ತಿದ್ದುಪಡಿಗಳಾಗಿ ಇವರಲ್ಲಿ ಬಹುಮಂದಿ ಒಳಬಂದರು. ಆದರೆ ಕಾಯುತ್ತ ಕಳೆದ ವರ್ಷಗಳನ್ನು ಯಾರು ಹಿಂದಕ್ಕೆ ಕೊಟ್ಟಾರು?

ಪರ್ಕಿನ್ಸ್ ಅವರಿಗೂ ಅಧಿಕಾರ ಹೂವಿನ ಹಾಸಿಗೆಯಾಗಿರಲಿಲ್ಲ. ವಿದೇಶದಿಂದ ಬಂದ ಕಾರ್ಮಿಕ ಮುಖಂಡನೊಬ್ಬನನ್ನು ಗಡೀಪಾರು ಮಾಡಲಿಲ್ಲವೆಂದು 1939ರಲ್ಲಿ ಅವರ ಮೇಲೆ ಮಹಾಭಿಯೋಗದ ನಿರ್ಣಯವನ್ನೇ ತಂದರು. ಆಧಾರವಿಲ್ಲದೆ ಅದು ಬಿದ್ದುಹೋಯಿತು. ಹನ್ನೆರಡು ವರ್ಷ ಮಂತ್ರಿಯಾಗಿದ್ದು 1945ರಲ್ಲಿ ನಿವೃತ್ತರಾದರು. 1957ರಿಂದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತ, ಎಂಬತ್ತರ ವಯಸ್ಸಿನಲ್ಲಿ ವಿದ್ಯಾರ್ಥಿಗಳ ವಸತಿಗೃಹವೊಂದರಲ್ಲಿ ಅವರೊಡನೆಯೇ ವಾಸವಾಗಿದ್ದು, 1965ರ ಮೇ 14ರಂದು ತೀರಿಕೊಂಡರು.

ನಮ್ಮ ದೇಶ 1948ರಲ್ಲಿ ಕನಿಷ್ಠ ವೇತನದ ಕಾಯಿದೆಯನ್ನು ಮಾಡಿತು. ಕೂಲಿಯ ಮಿತಿ ಎಷ್ಟಿರಬೇಕು, ತೆರಿಗೆಯ ಭಾರ ಯಾರ ಮೇಲಿರಬೇಕು ಎಂಬ ಚರ್ಚೆ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಆ ಚರ್ಚೆಯಲ್ಲಿ ಯಾವ ಪಕ್ಷ ಹಿಡಿದರೂ ಸರಿಯೆ. ಪರ್ಕಿನ್ಸ್ ಅವರಂತೆ ಮೊದಲು ಕಾರ್ಖಾನೆಯ ಒಳಹೊಕ್ಕು ನೋಡಿ, ಅಂಕಿಗಳನ್ನು ಪರೀಕ್ಷಿಸಿ, ಆಮೇಲೆ ಮಾತನಾಡುವ ಅಭ್ಯಾಸವನ್ನು ವಿದ್ಯಾರ್ಥಿಗಳಾದ ನಾವು ಬೆಳೆಸಿಕೊಂಡರೆ, ಅವರ ಜೀವನವನ್ನು ಓದಿದ್ದು ಸಾರ್ಥಕವಾದೀತು.